ಕೆನ್ನೆಮಿಠಾಯಿ

ಕುದಿದ ಪಾಕವನ್ನು ಕಲ್ಲಿನ ಮೇಲೆ ಸುರಿದು, ಎಣ್ಣೆ ಸವರಿದ ಕೈಯಲ್ಲಿ ಮಡಚುತ್ತಿದ್ದವಳ ಬೆನ್ನ ಹಿಂದೆ ಸೋದರಮಾವ ಬಂದು ನಿಂತ.

"ನಿಂಗೆ ತಲೆಗಿಲೆ ಕೆಟ್ಟಿದೆಯೇನೇ? ಹೊರಗೆ ನಿಮ್ಮಮ್ಮನ ಹೆಣ ಇದೆ. ಇಲ್ಲಿ ಮಿಠಾಯಿ ಮಾಡ್ತಾ ಕೂತಿದ್ದೀಯ!"

"ಕೂತಿಲ್ಲ ಮಾವ, ನಿಂತಿದ್ದೀನಿ. ಸ್ವಲ್ಪ ಸರ್ಕೊಳ್ಳಿ, ಕೊಕ್ಕೆ ಬೇಕು."

ಮಗಳು ಪಾಕದ ಮುದ್ದೆಯನ್ನು ಗೋಡೆಯ ಕೊಕ್ಕೆಗೆ ಹಾಕಿ ಜಗ್ಗಿದಳು. ಅಂಗೈ ಉರಿಯಿತು. ಉರಿಯಲಿ.

"ಜನಕ್ಕೆ ಹಂಚೋಕೆ ಕಾರ್ಖಾನೆ ಸಾಹುಕಾರ್ರು ಡಬ್ಬಿ ತಂದಿದ್ದಾರಲ್ಲ. ಅದೂ ನಿಮ್ಮಮ್ಮನ ಮಿಠಾಯೀನೇ."

"ಡಬ್ಬಿ ಮೇಲೆ ಅಮ್ಮನ ಫೋಟೋನೂ ಇದೆ. ಅಮ್ಮ ಹೋಗಿದ್ದು ನಿನ್ನೆ, ಡಬ್ಬಿ ಯಾವಾಗ ಅಚ್ಚಾಯ್ತು? ಯಾರು ಒಪ್ಪಿದ್ದು ಮಾವ?"

ಮಾವ ಸೂರು ನೋಡಿದ. "ಒಪ್ಪಿದೆ ಅಂತಲ್ಲ... ಹೂಂ ಅಂದೆ, ಅಷ್ಟೇ. ಇನ್ಮೇಲೆ ಈ ಮಿಠಾಯಿ ಕಾರ್ಖಾನೇದು ಅಂತ ಅವರು ಎಲ್ಲರೆದುರು ನಾಲ್ಕು ಮಾತಾಡ್ತಾರೆ. ನೀನು ಎದುರಾಡಬೇಡ."

"ಎದುರಾಡಲ್ಲ," ಎಂದಳು ಮಗಳು, ಮುದ್ದೆಯನ್ನು ಮತ್ತೊಮ್ಮೆ ಜಗ್ಗುತ್ತಾ.

*

ಸತ್ತವಳನ್ನು ಬೀದಿಯೆಲ್ಲ ಎಡಚಮ್ಮ ಎನ್ನುತ್ತಿತ್ತು. ಅವಳ ಅತ್ತೆಯ ಕಾಲದಲ್ಲಿ ಬೀದಿಯ ಕೊನೆಗೊಂದು ನೂಲಿನ ಗಿರಣಿ. ಅಲ್ಲಿ ಕೆಲಸದ ಹೊತ್ತಿನಲ್ಲಿ ತಿನ್ನಬಾರದು. ಬಾಯಿ ಆಡಿದ್ದು ಕಂಡರೆ ಮೇಸ್ತ್ರಿ ಆಚೆಗಟ್ಟುತ್ತಿದ್ದ. ಅತ್ತೆ ಸುಮ್ಮನಿರುವ ಪೈಕಿ ಅಲ್ಲ. ಅಗಿಯದೆ ಕರಗುವ, ಕೆನ್ನೆಯಲ್ಲಿ ಅಡಗಿ ಕೂರುವ ಶುಂಠಿ ಮಿಠಾಯಿ ಮಾಡಿದಳು. ನೂಲಿನ ಧೂಳು ಕುಡಿದ ಗಂಟಲಿಗೆ ಖಾರ, ಮೇಸ್ತ್ರಿಯ ಕಣ್ಣಿಗೆ ಮಣ್ಣು. ಗಿರಣಿ ಮುಚ್ಚಿತು, ಮೇಸ್ತ್ರಿಯೂ ಹೋದ. ಕೆನ್ನೆಮಿಠಾಯಿ ಮಾತ್ರ ಎಲ್ಲೂ ಹೋಗಲಿಲ್ಲ.

ಸೊಸೆ ಎಡಗೈಯವಳು. ಅವಳು ಹೊಸೆದಾಗ ಮಿಠಾಯಿಯ ಕೆಂಪು ಗೆರೆ ಎಡಕ್ಕೆ ಸುತ್ತಿಕೊಂಡಿತು. ಅತ್ತೆ ಗೊಣಗಿದಳು, ಗಿರಾಕಿಗಳು ಅದನ್ನೇ ಕೇಳಿ ಕೊಂಡರು. ಅಂಗಡಿಯಲ್ಲಿ ಯಾರಾದರೂ ಕಟಕ್ಕನೆ ಕಚ್ಚಿದರೆ ಎಡಚಮ್ಮನಿಗೆ ಮೈಯೆಲ್ಲ ಉರಿ. "ಚೀಪಯ್ಯಾ! ನಿನ್ನ ಹಲ್ಲಿಗೆ ಮಾಡಿದ್ದಲ್ಲ ಇದು."

ಸಾಹುಕಾರ ಮೊದಲ ಸಲ ಬಂದಾಗಲೂ ಅವಳು ಕೊಕ್ಕೆ ಬಿಟ್ಟು ಈಚೆ ಬರಲಿಲ್ಲ.

"ನೀವು ದಿನವಿಡೀ ಮಾಡೋದನ್ನ ನಮ್ಮ ಯಂತ್ರ ಚಿಟಿಕೆ ಹೊಡೆಯೋದ್ರಲ್ಲಿ ಮಾಡುತ್ತಮ್ಮ."

"ನಿನ್ನ ಯಂತ್ರಕ್ಕೆ ಎಡಗೈ ಇದೆಯೇನಪ್ಪ?"

*

ಮಗಳದು ಬಲಗೈ. ಇಷ್ಟು ವರ್ಷ ಅವಳು ಪಾಕ ಕಾಯಿಸಿದ್ದಳು, ಜಗ್ಗಿದ್ದಳು. ಹೊಸೆಯಲು ಮಾತ್ರ ಅಮ್ಮ ಬಿಟ್ಟವಳಲ್ಲ. ಈಗ ಬಲಗೈಯಲ್ಲಿ ತುದಿ ಹಿಡಿದು ಎಡಗೈಯಲ್ಲಿ ಹೊಸೆದಳು. ಗೆರೆ ಅಡ್ಡಾದಿಡ್ಡಿ ಓಡಿತು. ಹೇಳಿಕೊಡದೆ ಹೋದಳಲ್ಲ ಎಂದು ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಮೂಗೊರೆಸಿಕೊಂಡು ಮತ್ತೆ ಹೊಸೆದಳು. ಪಾಕ ಇನ್ನೇನು ಗಟ್ಟಿಯಾಗಬೇಕು, ಗೆರೆ ಎಡಕ್ಕೆ ವಾಲಿತು. ಕತ್ತರಿ ತೆಗೆದುಕೊಂಡಳು.

ಹೊರಗೆ ಶವದ ಗಾಡಿ ಬಂದಿತ್ತು. ಅಮ್ಮನ ತಲೆಯ ಪಕ್ಕದಲ್ಲೇ ಸಾಹುಕಾರನ ಡಬ್ಬಿಗಳು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಗಳು ತಟ್ಟೆ ಹಿಡಿದು ಮೊದಲು, ಹಿಂದೆ ಗಿರಣಿಯಲ್ಲಿ ದುಡಿದಿದ್ದ ಮುದುಕನ ಹತ್ತಿರ ಹೋದಳು. ಅವನು ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಸೊಟ್ಟಗಿದೆ," ಎಂದ. ಮಗಳು ತಟ್ಟೆ ಹಿಂದಕ್ಕೆಳೆದುಕೊಂಡಳು. "ಆದ್ರೆ ಎಡಕ್ಕೇ ಇದೆ."

ಅದು ಅವನ ಕೆನ್ನೆ ಸೇರಿತು. ಆಮೇಲೆ ಕೈಗಳು ತಾವಾಗಿ ತಟ್ಟೆಗೆ ಬಂದವು. ಮಾವನೂ ತಲೆ ತಗ್ಗಿಸಿ ಒಂದು ತೆಗೆದುಕೊಂಡ.

"ಬಂಧುಗಳೇ, ಈ ತಾಯಿಯ ಮಿಠಾಯಿ ಇನ್ನು ಮುಂದೆ..." ಎಂದು ಸಾಹುಕಾರ ಶುರು ಮಾಡುವಷ್ಟರಲ್ಲಿ ತಟ್ಟೆ ಅವನ ಮುಂದಿತ್ತು.

"ಮೊದಲು ಬಾಯಿಗೆ ಹಾಕ್ಕೊಳ್ಳಿ ಸಾಹುಕಾರ್ರೇ. ಅಮ್ಮ ಮಲಗಿದ್ದಾಳೆ, ಬೇಡ ಅನ್ನಬೇಡಿ."

ಎಲ್ಲರೂ ನೋಡುತ್ತಿದ್ದರು. ಅವನು ಹಾಕಿಕೊಂಡ. ದವಡೆ ಬಿಗಿಯಾಯಿತು.

"ಕಚ್ಚಬೇಡಿ," ಎಂದಳು ಮಗಳು. "ಅಮ್ಮನಿಗೆ ಆಗಲ್ಲ."

ಗಾಡಿ ಹೊರಟಿತು. ಡಬ್ಬಿಗಳು ಬಾಯಿ ತೆರೆಯದೆ ಜಗಲಿಯ ಮೇಲೇ ಉಳಿದವು.

"ನಾಳೆ ಅಂಗಡಿ ತೆರೆದಿರುತ್ತೆ," ಎಂದು ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಇಡೀ ಬೀದಿ ಒಂದೊಂದು ಕೆನ್ನೆ ಉಬ್ಬಿಸಿಕೊಂಡು ಎಡಚಮ್ಮನ ಹಿಂದೆ ನಡೆಯಿತು. ನಡುವೆ ಸಾಹುಕಾರ, ಉಗುಳಲಾರದೆ, ನುಂಗಲಾರದೆ, ಚೀಪುತ್ತಾ.