ಎರಡು ಮಾತಿನ ಅಪ್ಪ

ಮೇಷ್ಟ್ರ ಮೀಸೆಗೆ ಸೀಮೆಸುಣ್ಣದ ಪುಡಿ ಹತ್ತಿದೆ, ಮಾತಾಡಿದಾಗಲೆಲ್ಲ ಅದು ಏಳುತ್ತದೆ, ಇಳಿಯುತ್ತದೆ, ಅತಿ ಸಣ್ಣ ಕಥೆಗೂ ಕವಿತೆಗೂ ಏನು ವ್ಯತ್ಯಾಸ ಅಂತ ಕೇಳುತ್ತಿದ್ದಾರೆ, ಬೆಂಚಿನಲ್ಲಿ ಕೂತ ಅವಳಿಗೆ ಕಾಣುವುದು ಮೀಸೆ ಮಾತ್ರ — ಮನೆಯಲ್ಲಿ ಸದ್ಯಕ್ಕೆ ಇಲ್ಲದಿರುವುದು ಅದೊಂದೇ. ಭಾನುವಾರ ಅಪ್ಪ ಕನ್ನಡಿಯಲ್ಲಿ ಒಂದು ಬಿಳಿಕೂದಲು ಕಂಡವನೇ, ಯಾರನ್ನೂ ಕೇಳದೆ, ಪೂರ್ತಿ ಬೋಳಿಸಿಬಿಟ್ಟ, ಮದುವೆಗೂ ಮುಂಚಿನ ಮೀಸೆ, ಸಿಟ್ಟಿನಲ್ಲಿ ಕೊಯ್ದ ಮೂಗಿನ ಹಾಗಲ್ಲ, ಮತ್ತೆ ಬರುತ್ತದೆ ನಿಜ, ಆದರೆ ಅಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ. ಬಾಗಿಲಲ್ಲೇ ನಿಂತು, ಯಾರ್ರೀ ನೀವು, ಅಂದಳು. ತಮಾಷೆಯಲ್ಲ. ಅವತ್ತಿನಿಂದ ಮಾತೇ ಬಂದ್. ನಿಮ್ಮಪ್ಪಂಗೆ ಹೇಳೇ, ಊಟ ಆರ್ತಿದೆ ಅಂತ. ಅಪ್ಪ ಮೊಳದಷ್ಟು ದೂರದಲ್ಲಿ ಕೂತಿರುತ್ತಾನೆ, ಆದರೂ ಇವಳು ಹೇಳಬೇಕು, ಅಪ್ಪಾ, ಊಟ ಆರ್ತಿದೆಯಂತೆ. ಅಪ್ಪ ದರ್ಜಿ, ತುಟಿಯ ನಡುವೆ ಸದಾ ಗುಂಡುಸೂಜಿ, ಬಾಯಿ ಬಿಟ್ಟರೆ ಎರಡೇ ಮಾತು, ಮೂರನೆಯದಕ್ಕೆ ಸೂಜಿ ಉದುರುತ್ತದೆ. ಈಗ ಅದೂ ಇಲ್ಲ, ಬರೀ ಆ ಮೇಲ್ತುಟಿ, ಬಿಸಿಲೇ ಕಾಣದ್ದು, ಸುಲಿದ ಆಲೂಗಡ್ಡೆಯ ಹಾಗೆ ಬೆಳ್ಳಗೆ — ಛೆ, ಇದು ಉಪಮೆ, ಹಾಗಾದರೆ ಅಪ್ಪ ಕವಿತೆಯೋ? ಕಥೆ ಗಿಡ್ಡ ಆದ್ರೆ ಕವಿತೆ ಆಗಲ್ಲ ಕಣ್ರಪ್ಪ, ಮೇಷ್ಟ್ರು ಮೇಜು ಕುಟ್ಟುತ್ತಿದ್ದಾರೆ, ಗಿಡ್ಡ ಮನುಷ್ಯ ಮಗು ಆಗ್ತಾನೇನು? ಮಡಿಲಲ್ಲಿ ಫೋನು ಗುರ್ರೆಂದಿತು, ಮೆಸೇಜು. ಅಪ್ಪ. ನಿಮ್ಮಮ್ಮ ನಕ್ಕಳು. ಅಷ್ಟೇ, ಹಿಂದಿಲ್ಲ ಮುಂದಿಲ್ಲ, ಇವಳು ಕಿಸಕ್ಕೆಂದಳು, ತಡೆಯಲಾಗಲಿಲ್ಲ. ಏನಮ್ಮಾ ಅದು, ನಮಗೂ ಹೇಳು. ಎದ್ದಳು, ಸುಳ್ಳು ಹೊಳೆಯಲಿಲ್ಲ, ಅತಿ ಸಣ್ಣ ಕಥೆ ಸಾರ್. ಓದು. ನಿಮ್ಮಮ್ಮ ನಕ್ಕಳು. ತರಗತಿಯೆಲ್ಲ ಮೇಷ್ಟ್ರ ಕಡೆ ತಿರುಗಿತು. ಯಾರಮ್ಮ? ನಮ್ಮಮ್ಮ ಸಾರ್! ನಗು ಹೆಂಚು ಹಾರಿಸುವಷ್ಟು ಎದ್ದಿತು, ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿದರು, ಆಹಾ, ಎರಡೇ ಪದ, ಇದು ಕವಿತೆ ಕಣಮ್ಮಾ, ಎಂಥಾ ಮೌನ! ಹಿಂದಿನ ಬೆಂಚಿನ ತಕರಾರು ಎದ್ದ, ಅವನ ಅಡ್ಡಹೆಸರೇ ತಕರಾರು, ಕಥೆ ಸಾರ್ ಇದು, ಯಾಕೆ ನಕ್ರು ಅಂತ ಗೊತ್ತಾಗ್ದಿದ್ರೆ ನಂಗೆ ಅನ್ನ ಸೇರಲ್ಲ. ಇಬ್ಬರೂ ಜಗಳಕ್ಕೆ ಬಿದ್ದರು, ಅವಳನ್ನು ಮರೆತರು, ಅವಳು ಅದನ್ನೇ ಮತ್ತೆ ಓದಿದಳು, ಮತ್ತೊಮ್ಮೆ, ಓದಿದ್ದನ್ನೇ ಓದಿಸಿದರೆ ಕವಿತೆ, ಯಾಕೆ ಅನ್ನಿಸಿದರೆ ಕಥೆ, ಎರಡೂ ಒಟ್ಟಿಗೆ ಆದರೆ ಯಾವ ಗೂಟಕ್ಕೆ ಕಟ್ಟುವುದು, ಹೆಬ್ಬೆರಳು ಆಗಲೇ ಬರೆದಾಗಿತ್ತು, ಯಾಕೆ? ಉತ್ತರ ಬಂತು. ಮೀಸೆ ಬರೆದುಕೊಂಡೆ. ಅದರ ಹಿಂದೆಯೇ, ನಿನ್ನ ಕಾಡಿಗೆ. ಅಯ್ಯೋ, ಹೊಸ ಕಾಡಿಗೆ, ಹಾಳಾಗಿ ಹೋಗಲಿ, ಸೊಟ್ಟಗೆ ಬಂದಿರುತ್ತದೆ, ಬಟ್ಟೆಯ ಮೇಲೆ ನೇರ ಗೆರೆ ಎಳೆಯುವ ಕೈ ಸ್ವಂತ ಮುಖದ ಮೇಲೆ ನಡುಗುತ್ತದೆ, ತಕರಾರು ಏನೋ ಕೂಗುತ್ತಿದ್ದಾನೆ, ಮೇಷ್ಟ್ರೂ — ಫೋನು ಮತ್ತೆ ಗುರ್ರೆಂದಿತು. ಅವಳೇ ತಿದ್ದುತ್ತಿದ್ದಾಳೆ. ಮಾತು, ನಗು, ಮೇಜಿನ ಸದ್ದು ಎಲ್ಲ ದೂರವಾಯಿತು, ಉಳಿದದ್ದು ಆ ಬೆಳ್ಳನೆಯ ಮೇಲ್ತುಟಿ, ಅಲ್ಲಾಡ್ಬೇಡ್ರೀ ಅನ್ನುತ್ತ ಗಲ್ಲ ಹಿಡಿದ ಅಮ್ಮನ ಕೈ, ತುಟಿಯ ಮೇಲೆ ಮೆಲ್ಲಗೆ ಸರಿಯುತ್ತಿರುವ ಕಪ್ಪು ಗೆರೆ