ಸ್ವಂತ ಇಚ್ಛೆಯಿಂದ

ಕುಣಿಗಲ್‌ನಿಂದ ವಕೀಲರ ನೋಟಿಸ್ ಬಂದ ದಿನ ಟ್ರಸ್ಟಿನ ಕಾರ್ಯದರ್ಶಿ ಸೋಮಶೇಖರ್ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನೋಟಿಸ್ ಕೊಡಿಸಿದವರು ರೇವಣಸಿದ್ದಯ್ಯ ಎಂಬ ಕೊಬ್ಬರಿ ವ್ಯಾಪಾರಿ. ತಮ್ಮ ಮಗಳು ಮಧುಶ್ರೀ ಹಳ್ಳಿಯ ಶಾಲೆಯಲ್ಲೇ ಓದಿ ಒಳ್ಳೆಯ ಅಂಕ ತೆಗೆದವಳು, ಜಾತಿ ನೋಡಿ ಅವಳ ಅರ್ಜಿ ವಾಪಸ್ ಕಳಿಸಿದ್ದೀರಿ, ಇದು ಯಾವ ನ್ಯಾಯ ಎಂದು ಅವರು ಕೇಳಿದ್ದರು.

ತುಮಕೂರಿನ ಆ ಟ್ರಸ್ಟ್ ನಡೆಸುತ್ತಿದ್ದ ‘ಹೊಸಹೆಜ್ಜೆ’ ಫೆಲೋಶಿಪ್ ಮಧುಶ್ರೀಯಂಥವರಿಗೆಂದು ಹುಟ್ಟಿದ್ದಲ್ಲ. ಯಾವ ಮನೆಯಿಂದಲೂ ಒಬ್ಬರೂ ಕಾಲೇಜಿನ ಬಾಗಿಲು ಕಾಣದ ದಲಿತ ಕಾಲೊನಿಗಳು, ಅಲೆಮಾರಿಗಳ ಗುಡಿಸಲುಗಳು, ಅಲ್ಲಿನ ಮಕ್ಕಳಿಗೆಂದೇ ಅದು ಶುರುವಾಗಿತ್ತು. ಸಿದ್ದಾರ್ಥ ಅಂಥದೇ ಒಂದು ಕಾಲೊನಿಯಿಂದ ಬಂದು ಅದರ ಮೊದಲ ತಂಡದಲ್ಲಿ ಓದಿದವನು. ಈಗ ಅಲ್ಲೇ ಸಂಯೋಜಕ. ಬೈಕಿನಲ್ಲಿ ಗುಬ್ಬಿ ತಾಲ್ಲೂಕನ್ನೆಲ್ಲ ಸುತ್ತಿ, ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಮಕ್ಕಳನ್ನು ಹುಡುಕಿ ತರುತ್ತಿದ್ದ. ಹಾಗೆ ಹಾಗಲವಾಡಿಯ ಕಾಲೊನಿಯಲ್ಲಿ ಸಿಕ್ಕವಳು ಪೂಜಾ. ತುಮಕೂರಿನಲ್ಲಿ ಬಿಸಿಎ ಮೊದಲ ವರ್ಷ ಮುಗಿಸಿ, ತರಗತಿಗೇ ಎರಡನೆಯವಳಾಗಿದ್ದಳು. ಅವಳ ಹಾಸ್ಟೆಲ್, ಫೀಸು, ಲ್ಯಾಪ್‌ಟಾಪ್ ಎಲ್ಲವೂ ಫೆಲೋಶಿಪ್ಪಿನದೇ.

ಫೆಲೋಶಿಪ್ಪಿಗೆ ಹಣ ಕೊಡುತ್ತಿದ್ದುದು ಬೆಂಗಳೂರಿನ ಒಂದು ಕಂಪನಿ. ನೋಟಿಸ್ ಸುದ್ದಿ ತಿಳಿದದ್ದೇ ಅಲ್ಲಿಂದ ಜಯಪ್ರಕಾಶ್ ಎಂಬ ಅಧಿಕಾರಿ ಓಡಿಬಂದ. ಮಾತು ಮಾತ್ರ ಬಹಳ ನಯ.

“ಜಾತಿ ಅನ್ನೋ ಪದಾನೇ ಬೇಡ ಸರ್. ಇನ್‌ಕಮ್ ಇಟ್ಕೊಳ್ಳಿ. ಇನ್‌ಕಮ್‌ಗೆ ಜಾತಿ ಇಲ್ಲ, ಯಾರೂ ಕೋರ್ಟಿಗೆ ಹೋಗಲ್ಲ. ನಮಗೆ ರಿಸ್ಕ್ ಬೇಡ.”

“ಸರ್, ಹಾಗ್ ಮಾಡಿದ್ರೆ ಇದು ಯಾರಿಗೋಸ್ಕರ ಶುರುವಾಯ್ತೋ ಅವರೇ ಇರಲ್ಲ,” ಎಂದ ಸಿದ್ದಾರ್ಥ.

“ಕಂಪನಿ ದುಡ್ಡು ನಿಲ್ಲಿಸಿದ್ರೆ ಯಾರೂ ಇರಲ್ಲ ಕಣಪ್ಪ,” ಎಂದರು ಸೋಮಶೇಖರ್. ಬಿಳಿ ಹಾಳೆಯೊಂದನ್ನು ಅವನತ್ತ ತಳ್ಳಿ, “ಹೊಸ ನಿಯಮ ನೀನೇ ಬರಿ. ನೀನು ಬರೆದ್ರೆ ನಮ್ಮನ್ನ ಯಾರೂ ಬೆರಳು ಮಾಡಿ ತೋರ್ಸಲ್ಲ,” ಎಂದರು.

ಆ ಮಾತು ಸಿದ್ದಾರ್ಥನ ಕೆನ್ನೆಗೆ ಬಾರಿಸಿದಂತಿತ್ತು. ಆದರೂ ಜಾತಿಯ ಬದಲು ಆದಾಯದ ಮಿತಿ ಇಟ್ಟು ಬರೆದ. ಈಗ ಓದುತ್ತಿರುವವರನ್ನು ಹಾಗೇ ಮುಂದುವರಿಸಬೇಕು ಎಂಬ ಒಂದು ಸಾಲು ಸೇರಿಸಿದ್ದ. ಜಯಪ್ರಕಾಶ್ ಅದನ್ನು ಹೊಡೆದುಹಾಕಿದ. ಎಲ್ಲರಿಗೂ ಒಂದೇ ನಿಯಮವಂತೆ.

ಅದರಂತೆ ಎಲ್ಲರ ಮನೆಯ ಆದಾಯವೂ ಪರಿಶೀಲನೆಗೆ ಬಂತು. ತೆಂಗಿನ ತೋಟಕ್ಕೆ, ಕೊಬ್ಬರಿ ವ್ಯಾಪಾರಕ್ಕೆ ಪೇ ಸ್ಲಿಪ್ ಇರುವುದಿಲ್ಲ. ಹೊಸದಾಗಿ ಅರ್ಜಿ ಹಾಕಿದವರಲ್ಲಿ ಅಂಥವರು ನಾಡಕಚೇರಿಯಿಂದ ತೀರ ಬಡವರೆಂಬ ಸರ್ಟಿಫಿಕೇಟ್ ತಂದು ಕೊಟ್ಟರು, ಅದು ನಡೆಯಿತು. ಪೂಜಾಳ ಅಪ್ಪ ರಂಗಣ್ಣ ತುಮಕೂರಿನ ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸದವನು. ಅಲ್ಲೇ ಒಂದು ರೂಮಿನಲ್ಲಿ ನಾಲ್ಕು ಜನರ ಜೊತೆ ಇದ್ದು, ಭಾನುವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದ. ಹಗಲೂ ರಾತ್ರಿ ಓಟಿ ಮಾಡಿದ್ದರಿಂದ ಅವನ ಸ್ಲಿಪ್ಪಿನ ಮೊತ್ತ ಮಿತಿಗಿಂತ ಒಂದಿಷ್ಟು ಮೇಲಿತ್ತು. ಓಟಿ ಮಾಡಿದ್ದು ಮಗಳ ಪುಸ್ತಕಕ್ಕೆ, ಬಟ್ಟೆಗೆ.

ಸಿದ್ದಾರ್ಥ ಸತ್ಯಮಂಗಲಕ್ಕೆ ಹೋಗಿ, ಊಟದ ಬಿಡುವಿನಲ್ಲಿ ರಂಗಣ್ಣನನ್ನು ಗೇಟಿನೆದುರಿನ ಟೀ ಅಂಗಡಿಗೆ ಕರೆದು, ಪೂಜಾಳ ಹೆಸರು ಪಟ್ಟಿಯಿಂದ ಬಿಟ್ಟುಹೋದ ವಿಷಯ ಹೇಳಿದ.

“ನಾನು ಸಾವ್ಕಾರ ಆಗ್ಬುಟ್ನಾ ಸಾ?” ರಂಗಣ್ಣ ನಕ್ಕ. ಆಮೇಲೆ ನಗು ಹೋಯಿತು. “ಈ ಸ್ಲಿಪ್ಪಿಂದ ಹಿಂಗಾಯ್ತಾ?”

“ಸ್ಲಿಪ್ ಇಲ್ದಿದ್ರೆ ಯಾರೂ ಕೇಳ್ತಾನೇ ಇರ್ಲಿಲ್ಲ ರಂಗಣ್ಣ,” ಎಂದುಬಿಟ್ಟ ಸಿದ್ದಾರ್ಥ.

ಸಂಕಟ ತಡೆಯದೆ ಆಡಿದ ಮಾತು ಅದು. ರಂಗಣ್ಣ ಅದನ್ನು ದಾರಿ ಎಂದುಕೊಂಡ. ಮುಂದಿನ ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟ್ರಸ್ಟಿನ ಆಫೀಸಿಗೆ ಬಂದ. ಮುಖದಲ್ಲಿ ಗೆಲುವಿತ್ತು.

“ಕೆಲಸ ಬುಟ್ಟೆ ಸಾ. ಊರಲ್ಲೇ ಕೂಲಿ ಮಾಡ್ಕೊತೀನಿ. ಈಗ ಸ್ಲಿಪ್ಪೂ ಇಲ್ಲ, ಏನೂ ಇಲ್ಲ. ಮಗಿನ ಹೆಸರು ಒಳಿಕ್ ಹಾಕ್ಬುಡಿ.”

ಸಿದ್ದಾರ್ಥ ಕುರ್ಚಿಯಿಂದ ಎದ್ದುಬಿಟ್ಟ. “ಯಾಕ್ ಬಿಟ್ರಿ? ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?”

“ನೀವೇ ಹೇಳಿದ್ರಲ್ಲ ಸಾ.”

ಹೊಸ ಸರ್ಟಿಫಿಕೇಟ್ ಮಾಡಿಸಿ ಬೆಂಗಳೂರಿಗೆ ಕಳಿಸಿದ್ದಾಯಿತು. ಜಯಪ್ರಕಾಶ್ ಫೋನಿನಲ್ಲಿ ಮೊದಲಿನಷ್ಟೇ ನಯವಾಗಿ ಮಾತಾಡಿದ. ನಿಯಮ ಬಂದ ಮೇಲೆ ಕೆಲಸ ಬಿಟ್ಟಿದ್ದಾರೆ ಎಂದರೆ ಬೇಕೆಂದೇ ಆದಾಯ ಮರೆಮಾಚಿದಂತೆ, ಇದು ವಂಚನೆಯ ಲೆಕ್ಕಕ್ಕೆ ಬರುತ್ತದೆ, ಕೊಟ್ಟ ಹಣ ವಾಪಸ್ ಕೇಳಬೇಕಾದೀತು ಎಂದ. ಕೆಲಸ ಬಿಡುವಂಥ ಮಾತು ಬಂದದ್ದು ತನ್ನ ಬಾಯಿಂದಲೇ ಎಂದು ಸಿದ್ದಾರ್ಥ ಹೇಳಿದ. “ಅದನ್ನ ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ,” ಎಂದು ಜಯಪ್ರಕಾಶ್ ಫೋನ್ ಇಟ್ಟ.

ಸೋಮಶೇಖರ್ ಒಂದು ಉಪಾಯ ಹುಡುಕಿದರು. ಹುಡುಗಿ ಸ್ವಂತ ಇಚ್ಛೆಯಿಂದ ಫೆಲೋಶಿಪ್ ಬಿಡುತ್ತಿದ್ದೇನೆ ಎಂದು ಬರೆದುಕೊಟ್ಟರೆ ವಂಚನೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಅವರು ದೊಡ್ಡ ಉಪಕಾರವೆಂದೇ ತಿಳಿದಿದ್ದರು.

ಪೂಜಾ ಲ್ಯಾಪ್‌ಟಾಪ್ ಹಿಂದಿರುಗಿಸಲು ಒಬ್ಬಳೇ ಬಂದಳು. ರಂಗಣ್ಣ ಸತ್ಯಮಂಗಲಕ್ಕೆ ಹೋಗಿ, ಕೆಲಸ ವಾಪಸ್ ಕೊಡಿ ಎಂದು ಕಾಂಟ್ರಾಕ್ಟರನ ಕಾಲು ಹಿಡಿದಿದ್ದನಂತೆ. ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದ.

“ಅಣ್ಣ, ಇದ್ರಲ್ಲಿ ನನ್ನ ಪ್ರಾಜೆಕ್ಟ್ ಇದೆ, ನೋಟ್ಸ್ ಇದಾವೆ,” ಎಂದಳು.

“ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ ಕಣಮ್ಮ.”

“ಅದನ್ನ ಯಾವುದಕ್ಕೆ ಹಾಕಿ ನೋಡ್ಲಿ?”

ಸಿದ್ದಾರ್ಥ ಸೋಮಶೇಖರ್ ಹೇಳಿದಂತೆ ಬರೆದಿಟ್ಟ ಪತ್ರವನ್ನು ಮುಂದೆ ಚಾಚಿದ. ಅವಳು ಅದನ್ನು ನಿಧಾನವಾಗಿ ಓದಿದಳು.

“ನನ್ನಿಷ್ಟ ಅಂತ ಬರ್ದಿದೀರ.”

“ಇಲ್ಲಾಂದ್ರೆ ನಿಮ್ಮಪ್ಪನ ಮೇಲೆ ಬರುತ್ತೆ ಪೂಜಾ. ಈ ವರ್ಷದ ಫೀಸು ನಾನು ಕಟ್ತೀನಿ, ನೀನು ಓದು.”

“ಬೇಡಣ್ಣ. ನೀವು ಇನ್ನೇನಾದ್ರೂ ಹೇಳ್ತೀರ, ನಮ್ಮಪ್ಪ ಅದನ್ನೂ ನಂಬ್ತಾರೆ.”

ಅವಳು ದನಿ ಎತ್ತಿರಲಿಲ್ಲ. ಸಹಿ ಮಾಡಿ, ಚಾರ್ಜರಿನ ವೈರನ್ನು ನೀಟಾಗಿ ಸುತ್ತಿಟ್ಟು, ಮೆಟ್ಟಿಲಿಳಿದು ಹೋದಳು. ಸಿದ್ದಾರ್ಥನಿಗೆ ಹಿಂದೆ ಹೋಗುವ ಧೈರ್ಯ ಬರಲಿಲ್ಲ. ಆಮೇಲೆ ಗೊತ್ತಾಯಿತು, ಗುಬ್ಬಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು.

ಹೊಸ ಫೆಲೋಗಳ ಸಮಾರಂಭವನ್ನು ಬೇಕೆಂದೇ ಕುಣಿಗಲ್‌ನಲ್ಲಿ ಇಟ್ಟುಕೊಂಡರು. ಜಯಪ್ರಕಾಶ್ ಮೈಕಿನಲ್ಲಿ, ಇಡೀ ರಾಜ್ಯಕ್ಕೇ ಮಾದರಿಯಾದ ನಿಯಮಗಳು ಎಂದ. ಸಿದ್ದಾರ್ಥನಿಗೆ ಶಾಲು ಹೊದಿಸಿದರು. ಮಧುಶ್ರೀ ವೇದಿಕೆಗೆ ಬಂದಾಗ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನು ನೋಡಿದ, ಆಗಲಿಲ್ಲ. ಹೆದರಿಕೊಂಡ ಸಣ್ಣ ಹುಡುಗಿ. ಕಾಲಿಗೆ ಬೀಳಲು ಬಾಗಿದಳು, ಅವನು ಗಾಬರಿಯಿಂದ ಹಿಂದೆ ಸರಿದ.

ಕೆಳಗಿಳಿದಾಗ ರೇವಣಸಿದ್ದಯ್ಯ ಅವನ ಎರಡೂ ಕೈ ಹಿಡಿದುಕೊಂಡರು. “ನಿಮ್ಮ ಮೇಲೆ ನನಗೇನೂ ಇರ್ಲಿಲ್ಲ ಕಣಪ್ಪ. ಮಗಳು ಅಳ್ತಿದ್ಲು, ತಡ್ಕೊಳಾಕಾಗ್ಲಿಲ್ಲ. ನಿಮ್ಮಂಥ ಹುಡುಗ್ರು ಇರೋದಕ್ಕೆ ನ್ಯಾಯ ಸಿಗ್ತು. ಊಟಕ್ ಬನ್ನಿ.”

ಹೊಟ್ಟೆ ಸರಿ ಇಲ್ಲವೆಂದು ಹೇಳಿ ಸಿದ್ದಾರ್ಥ ಹೊರಟುಬಿಟ್ಟ.

ಮರುವರ್ಷ ಅರ್ಜಿ ಕರೆದಾಗ ಮೊದಲಿಗಿಂತ ಮೂರು ಪಟ್ಟು ಹೆಚ್ಚು ಅರ್ಜಿಗಳು ಬಂದವು. ಫೆಲೋಶಿಪ್ ಬೆಳೆಯುತ್ತಿದೆ ಎಂದು ಸೋಮಶೇಖರ್ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಹಾಗಲವಾಡಿಯ ಕಾಲೊನಿಯಿಂದ ಮಾತ್ರ ಯಾರೂ ಅರ್ಜಿ ಹಾಕಿರಲಿಲ್ಲ. ಯಾಕೆಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ಸಿದ್ದಾರ್ಥನೂ ಆ ಕಡೆಗೆ ಬೈಕ್ ತಿರುಗಿಸಲಿಲ್ಲ.