ಹಿಂದಿನ ಹಲಗೆ

ದೋಣಿಗೆ ಹೊದಿಸಿದ್ದ ಟಾರ್ಪಾಲಿನ ಒಂದು ತುದಿಯನ್ನು ಮಗ ಎಳೆಯುತ್ತಿದ್ದ, ಇನ್ನೊಂದನ್ನು ಅವನ ಸೋದರಮಾವ ಹಿಡಿದಿದ್ದ. ಅದರ ಮೇಲೆ ನಿಂತಿದ್ದ ಮಳೆನೀರು ಇಬ್ಬರ ಷೂಗಳ ಮೇಲೂ ಸುರಿಯಿತು. ಬೆಳಿಗ್ಗೆ ಅಪ್ಪನನ್ನು ಮಣ್ಣು ಮಾಡಲು ಹೋಗುವಾಗ ಪಾಲಿಶ್ ಹಾಕಿದ್ದ ಷೂಗಳು.

"ಪುಕ್ಕಟೆ ಬಂದ ದೋಣಿ ಅಂತಿದ್ದ ಭಾವ," ಎಂದ ಮಾವ, ಕಾಲು ಕೊಡವುತ್ತ. "ಲೆಕ್ಕ ಹಾಕು. ಎಂಜಿನ್ನಿಗೆ ಸ್ಕೂಟರ್ ಹೋಯ್ತು. ಹಲಗೆ, ಬಣ್ಣ ಅಂತ ಅಕ್ಕನ ಹೊಸ ಅಡುಗೆಮನೆ ಹೋಯ್ತು. ಅದರಡಿ ಮಲಗಿ ಮಲಗಿ ಸೊಂಟ ಹೋಯ್ತು. ಇಷ್ಟು ತಿಂದ್ರೂ ಒಂದು ಸಲ ನೀರು ಮುಟ್ಟಿಲ್ಲ ನೋಡು."

"ಇವತ್ತು ಮುಟ್ಟುತ್ತೆ," ಎಂದ ಮಗ.

ಅಡುಗೆಮನೆಯ ಕಿಟಕಿಯ ಬಳಿ ಲೋಟ ತೊಳೆಯುತ್ತಿದ್ದ ತಾಯಿಯ ಕೈ ನಿಂತಿತು. ಮಾತಾಡಿಸಲು ಬಂದವರೆಲ್ಲ ಹೊರಟುಹೋಗಿದ್ದರು. ಉಳಿದವರು ಮಗ, ಸೊಸೆ, ಮೊಮ್ಮಗಳು ಮತ್ತು ತಮ್ಮ.

"ಕತ್ತಲಾಗೋಕೆ ಇನ್ನೂ ಹೊತ್ತಿದೆ," ಮಗ ಹೇಳುತ್ತಿದ್ದ. "ನಾವು ನಾಲ್ಕು ಜನ ಕೆರೇಲಿ ಒಂದು ಸುತ್ತು ಹಾಕಿ ಬರೋಣ. ಅಪ್ಪನಿಗೆ ಇದ್ದದ್ದು ಅದೊಂದೇ ಆಸೆ."

ತಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ದೋಣಿಯ ಹಿಂಬದಿಗೆ, ಎಂಜಿನ್ ತಗುಲಿಹಾಕುವ ದಪ್ಪ ಹಲಗೆಯೊಂದಿತ್ತು. ಹೊಸ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಳಗೆ ಅದು ಕೊಳೆತಿದೆ ಎಂದು ಬಲ್ಲವರು ಇಬ್ಬರು. ಅವರಲ್ಲಿ ಒಬ್ಬರನ್ನು ಬೆಳಿಗ್ಗೆ ಹೂತು ಬಂದಿದ್ದರು.

*

ತಂದೆಯದ್ದು ಲಿಫ್ಟ್ ರಿಪೇರಿ ಕೆಲಸ. ಯಾರ ಮನಸ್ಸೂ ನೋಯಬಾರದು, ಕೆಲಸವೂ ಕೆಡಬಾರದು. ಇದಕ್ಕೆ ಅವರು ಕಂಡುಕೊಂಡಿದ್ದ ಉಪಾಯ ಒಂದೇ: ಬೇರೆಯವರ ತಪ್ಪನ್ನು ಅವರಿಗೆ ಕಾಣದಂತೆ ತಿದ್ದಿಬಿಡುವುದು. ಸಾರಿಗೆ ಉಪ್ಪು ಕಡಿಮೆಯಾದರೆ ಹೆಂಡತಿ ಅತ್ತ ತಿರುಗಿದಾಗ ಹಾಕಿಕೊಳ್ಳುತ್ತಿದ್ದರು. ಮಗನನ್ನು ಕೆಲಸಕ್ಕೆ ಜೊತೆಗೆ ಕರೆದೊಯ್ಯತೊಡಗಿದಾಗಲೂ ಅಷ್ಟೇ. ಅವನು ಬಿಗಿ ಮಾಡಿದ ಬೋಲ್ಟುಗಳನ್ನು, ಅವನು ಚಹಾಕ್ಕೆ ಹೋದಾಗ ಇನ್ನೊಮ್ಮೆ ಬಿಗಿ ಮಾಡುತ್ತಿದ್ದರು.

ಒಂದು ದಿನ ಮಗ ಅರ್ಧ ದಾರಿಯಿಂದ ವಾಪಸು ಬಂದು ನೋಡಿಬಿಟ್ಟ.

"ನನ್ನ ಕೈ ಮೇಲೆ ನಂಬಿಕೆ ಇಲ್ಲದ ಮೇಲೆ ನಾನ್ಯಾಕೆ ಬರಲಿ?" ಎಂದು ಸ್ಪ್ಯಾನರ್ ಕೆಳಗಿಟ್ಟು ಹೋದ. ವರ್ಷಗಟ್ಟಲೆ ಮನೆಯ ಮೆಟ್ಟಿಲು ತುಳಿಯಲಿಲ್ಲ.

ದೋಣಿಯ ಸುದ್ದಿ ಕೇಳಿ ಈ ಬೇಸಿಗೆಯಲ್ಲಿ ತಾನಾಗಿಯೇ ಬಂದ. ಹಿಂದಿನ ಹಲಗೆ ನನಗೆ ಬಿಡಿ ಎಂದ. ತೂತು ಮುಚ್ಚಿದ, ಪುಟ್ಟಿ ಮೆತ್ತಿದ, ಬಣ್ಣ ಹೊಡೆದ. ಅವನು ಹೊರಟ ಮೇಲೆ ತಂದೆ ಸುತ್ತಿಗೆಯ ಹಿಡಿಯಿಂದ ಹಲಗೆಯನ್ನು ತಟ್ಟಿದರು. ಟಣ್ ಎನ್ನಬೇಕಾದದ್ದು ಹಸಿಮಣ್ಣು ತಟ್ಟಿದಂತೆ ದೊಪ್ಪೆಂದಿತು.

"ಒಣಗಿಸದೇ ಮುಚ್ಚಿಬಿಟ್ಟಿದ್ದಾನೆ. ಎಂಜಿನ್ ಜೋರು ಮಾಡಿದ್ರೆ ಕಿತ್ತು ಬರುತ್ತೆ. ಹಿಂದಿನಿಂದ ನೀರು ನುಗ್ಗಿದ್ರೆ ದೋಣಿ ನಿಲ್ಲಲ್ಲ."

"ಹಾಗಾದ್ರೆ ಹೇಳಿ ಅವನಿಗೆ," ಎಂದರು ಹೆಂಡತಿ.

"ಹೇಳಿದ್ರೆ ಮತ್ತೆ ಬರ್ತಾನಾ? ಅವನಿಲ್ಲದಾಗ ಬದಲಾಯಿಸಿಬಿಡ್ತೀನಿ. ಇದೇ ನೀಲಿ ಹೊಡೆದರೆ ಗೊತ್ತೇ ಆಗಲ್ಲ. ನೀನು ಬಾಯಿ ಬಿಡಬೇಡ."

ಹೊಸ ಹಲಗೆ ತರಲು ಹೊರಟವರು ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಳಿತಲ್ಲೇ ಹೋಗಿಬಿಟ್ಟರು.

*

ದೋಣಿ ಹೊತ್ತ ಟ್ರೈಲರ್ ಇಳಿಜಾರಿನಲ್ಲಿ ಕೆರೆಯತ್ತ ಸಾಗಿತ್ತು. ದೋಣಿಯ ಹಿಂಭಾಗ ನೀರಿನ ಕಡೆಗಿತ್ತು. ತಾಯಿ ಪಕ್ಕದಲ್ಲೇ ನಡೆಯುತ್ತಿದ್ದರು.

"ಇವತ್ತು ಬೇಡ ಕಣೋ. ಯಾರಿಗೂ ಮನಸ್ಸು ಸರಿಯಿಲ್ಲ."

"ಅದಕ್ಕೇ ಅಮ್ಮ ಹೋಗೋದು."

"ಗಾಳಿ ಬೇರೆ."

"ಅಕ್ಕಾ, ಒಂದು ಎಲೆ ಅಲ್ಲಾಡ್ತಿಲ್ಲ," ಎಂದ ತಮ್ಮ.

"ಮಗುವನ್ನಾದರೂ ಬಿಟ್ಟು ಹೋಗಿ."

"ಲೈಫ್ ಜಾಕೆಟ್ ಹಾಕಿದೀನಿ ಅತ್ತೆ," ಎಂದಳು ಸೊಸೆ. "ಈಗ ಬಿಚ್ಚಿದ್ರೆ ಊರು ಒಂದಾಗೋ ಹಾಗೆ ರಂಪ ಮಾಡ್ತಾಳೆ."

ಚಕ್ರಗಳು ನೀರಿನ ಅಂಚು ತಲುಪಿದವು. ತಾಯಿ ಮುಂದೆ ಹೋಗಿ ಪಾದ ಮುಳುಗುವಷ್ಟು ನೀರಿನಲ್ಲಿ, ನೀಲಿ ಹಲಗೆಗೆ ಅಡ್ಡವಾಗಿ ನಿಂತರು.

"ಅಮ್ಮ, ದಾರಿ ಬಿಡು."

"ಈ ಹಲಗೆ ಒಳಗೆ ಕೊಳೆತಿದೆ."

"ಯಾರು ಹೇಳಿದ್ದು?"

"ನಿಮ್ಮಪ್ಪ."

ಮಗನ ಮುಖ ಕೆಂಪಗಾಯಿತು.

"ಅಕ್ಕಾ," ತಮ್ಮ ದನಿ ತಗ್ಗಿಸಿದ, "ಇವತ್ತಿನ ದಿನ ಈ ಮಾತು ಬೇಕಾ?"

"ನೀವು ಹತ್ತೋದು ಇವತ್ತೇ ಅಲ್ವಾ?"

"ಸತ್ತ ಮೇಲೂ ಅಪ್ಪ ನನ್ನ ಕೆಲಸ ನೋಡೋಕೆ ಹಿಂದೆ ಬರ್ತಾನೆ," ಎಂದ ಮಗ. ದೋಣಿಯೊಳಗಿದ್ದ ಸ್ಕ್ರೂಡ್ರೈವರ್ ಎಳೆದುಕೊಂಡು ನೀರಿಗಿಳಿದು ಬಂದ. "ಕೊಳೆತಿದೆಯಾ? ನೋಡ್ಕೋ, ಚೆನ್ನಾಗಿ ನೋಡ್ಕೋ."

ಬೋಲ್ಟಿನ ಪಕ್ಕಕ್ಕೆ ತುದಿ ಇಟ್ಟು ಒತ್ತಿದ. ಬಣ್ಣ ಒಂದು ಕ್ಷಣ ತಡೆಯಿತು. ಆಮೇಲೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತೂತಿನಿಂದ ಕಂದು ನೀರು ನೀಲಿಯ ಮೇಲೆ ಗೆರೆಯಾಗಿ ಇಳಿಯಿತು.

"ಹೋಗಲ್ವಾ?" ಎಂದಳು ಮೊಮ್ಮಗಳು. ಸೊಸೆ ಅವಳನ್ನು ಎತ್ತಿಕೊಂಡು ಹಿಂದೆ ಸರಿದಳು.

ಮಗ ಕಂದು ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದ. ಅದು ಮತ್ತೆ ಇಳಿಯಿತು.

"ಅಪ್ಪನಿಗೆ ಯಾವತ್ತಿನಿಂದ ಗೊತ್ತಿತ್ತು?"

"ನೀನು ಬಣ್ಣ ಹೊಡೆದ ದಿನದಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಅವತ್ತು ನೀನು ಊಟಕ್ಕೆ ಉಳಿದಿದ್ದೆ," ಎಂದರು ತಾಯಿ. "ಎರಡು ಸಲ ಬಡಿಸಿಕೊಂಡೆ."

ದೋಣಿಯನ್ನು ಎಲ್ಲರೂ ಸೇರಿ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳಿದರು. ಇಳಿಸುವಾಗ ಇಲ್ಲದಿದ್ದ ಭಾರ ಹತ್ತಿಸುವಾಗ ಇತ್ತು. ಅಂಗಳ ತಲುಪುವಷ್ಟರಲ್ಲಿ ಬೆಳಕು ಕಡಿಮೆಯಾಗಿತ್ತು. ಮಗ ಒಳಗೆ ಹೋಗಲಿಲ್ಲ. ಸೊಸೆ ಕಾರನ್ನು ತಿರುಗಿಸಿ ಅದರ ದೀಪ ಹಲಗೆಯ ಮೇಲೆ ಬೀಳುವಂತೆ ನಿಲ್ಲಿಸಿದಳು. ಅವನು ಕೋಟು ತೊಟ್ಟಂತೆಯೇ ಮಂಡಿಯೂರಿ, ಮೆದು ಮರವನ್ನು ಬೆರಳಿನಿಂದಲೇ ಬಗೆದು ತೆಗೆಯತೊಡಗಿದ. ತಾಯಿ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತರು.

ತಂದೆ ತನ್ನ ಕೆಲಸ ಮೆಚ್ಚಿಕೊಂಡೇ ಹೋದರೆಂದು ಅವನು ಬೆಳಿಗ್ಗೆ ನಂಬಿದ್ದ. ಸಂಜೆಗೆ ಆ ನಂಬಿಕೆ ಉಳಿದಿರಲಿಲ್ಲ. ದೋಣಿ ಹತ್ತಬೇಕಿದ್ದ ನಾಲ್ಕು ಜನರೂ ಉಳಿದಿದ್ದರು.